ಹಳೆ ತೊಲೆಯ ಬೆಂಚಿಗೆ ಅಗಸಿ ಎಣ್ಣೆ: ನಾಲ್ಕು ಮಳೆಗಾಲ ದಾಟಿದ ಮೇಲೆ

2020ರ ಅಕ್ಟೋಬರ್ ಮಳೆಗೆ ಆಳಂದ ಕಡೆಯ ನಮ್ಮ ಹಳೆ ಮಾಳಿಗೆ ಮನೆಯ ಎರಡು ಅಂಕಣ ಕುಸಿದವು. ಸಾಗವಾನಿ ತೊಲೆಗಳು ಮಾತ್ರ ಗಟ್ಟಿಯಾಗಿದ್ದವು. ಒಲೆಗೆ ಹಾಕಲು ಮನಸ್ಸಾಗದೆ ಕಲಬುರಗಿಗೆ ತಂದು, ಅಂಗಳದ ಬೇವಿನ ಕೆಳಗೊಂದು ಬೆಂಚು, ಮಲ್ಲಿಗೆ ಬಳ್ಳಿಗೊಂದು ಚಪ್ಪರ ಮಾಡಿಸಿದೆ. (ಒಳಗೆ ಮುರಿದ ಮೊಳೆ ಇದ್ದು ಗರಗಸದ ಎರಡು ಬ್ಲೇಡ್ ಹೋದವು. ಕೊಯ್ಯಿಸುವ ಮುಂಚೆ ಅಯಸ್ಕಾಂತ ಆಡಿಸಿ ನೋಡಿ.)

ಮೊದಲು ವಾರ್ನಿಶ್ ಹೊಡೆಸಿದ್ದೆ. ನಮ್ಮ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಉಳ್ಳಾಗಡ್ಡಿ ಸಿಪ್ಪೆಯಂತೆ ಎದ್ದಿತು; ಬಿರುಕಿನಲ್ಲಿ ಇಳಿದ ಮಳೆನೀರು ಹೊರಗೆ ಬರಲು ದಾರಿಯಿಲ್ಲದೆ ಒಳಗೇ ಕೂತಿತು. ಎಲ್ಲ ಕೆರೆಸಿ, 2022ರ ಮೇ ತಿಂಗಳಲ್ಲಿ ಪೇಂಟ್ ಅಂಗಡಿಯ ಡಬಲ್ ಬಾಯ್ಲ್ಡ್ ಅಗಸಿ ಎಣ್ಣೆಗೆ ಬಂದೆ. ರೊಟ್ಟಿಗೆ ಹಿಂಡಿ ಕುಟ್ಟುವ ಅದೇ ಅಗಸಿ. ಆದರೆ ಇದನ್ನು ಬಾಯಿಗೆ ಹಾಕಬೇಡಿ ಮತ್ತೆ, ಬೇಗ ಒಣಗಲೆಂದು ಇದಕ್ಕೆ ಲೋಹದ ಲವಣ ಬೆರೆಸಿರುತ್ತಾರೆ. ಗಾಣದ ಹಸಿ ಎಣ್ಣೆ ಹಚ್ಚಿದರೆ ವಾರಗಟ್ಟಲೆ ಒಣಗುವುದಿಲ್ಲ.

ಮೊದಲ ಕೈಗೆ ಅರ್ಧಕ್ಕರ್ಧ ಟರ್ಪೆಂಟೈನ್, ಆಮೇಲೆ ಎರಡು ಕೈ ಬರೀ ಎಣ್ಣೆ, ನಡುವೆ ಒಂದೆರಡು ದಿನ ಬಿಡುವು. ಹಚ್ಚಿ ಅರ್ಧ ತಾಸಿಗೆ ಉಳಿದದ್ದನ್ನು ಒರೆಸಲೇಬೇಕು. ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಎಸೆದರೆ ತಾನೇ ಕಾದು ಹೊತ್ತಿಕೊಳ್ಳುತ್ತದೆ. ನಾನು ನೀರಿನ ಬಕೆಟ್ಟಿನಲ್ಲಿ ನೆನೆಹಾಕುತ್ತೇನೆ. "ಕಟ್ಟಿಗಿ ಬಾಯಿ ಇರೋದು ತುದ್ಯಾಗ ರೀ, ಅಲ್ಲಿ ಜಾಸ್ತಿ ಕುಡಸ್ರಿ" ಅಂದಿದ್ದ ಬಡಿಗ. ಕೊಯ್ದ ತುದಿಗಳು ನಿಜಕ್ಕೂ ಐದು ಸಲ ಹಚ್ಚಿದರೂ ಕುಡಿಯುತ್ತಲೇ ಇದ್ದವು.

ಬೆಂಚಿನ ಕಾಲುಗಳಡಿ ಶಹಾಬಾದ್ ಫರ್ಸಿ ತುಂಡು ಇಟ್ಟಿದ್ದೆ. ನಾಲ್ಕು ಮಳೆಗಾಲವಾದರೂ ಚಾಕು ಚುಚ್ಚಿದರೆ ಇಳಿಯುವುದಿಲ್ಲ. ಚಪ್ಪರದ ಒಂದು ಕಂಬವನ್ನು ಮಾತ್ರ ಕಲ್ಲು ಸಾಲದೆ ನೇರ ಎರೆ ಮಣ್ಣಿಗೆ ಹೂತೆ, ಎಣ್ಣೆಯಿದೆಯಲ್ಲ ಎಂಬ ಧೈರ್ಯದಲ್ಲಿ. ಎರಡನೇ ವರ್ಷ ಅದರ ಮೇಲೆ ಬೆರಳಗಲ ಮಣ್ಣಿನ ಗೆರೆ ಏರಿತ್ತು. ಕೆರೆದರೆ ಗೆದ್ದಲು. ನಡುವಿನ ಚೇಗು ಉಳಿದಿತ್ತು, ಹೊರಗಿನ ಬಿಳಿ ಭಾಗ ರವೆಯಂತೆ ಉದುರಿತು. ಗೆದ್ದಲಿಗೆ ಈ ಎಣ್ಣೆ ಮದ್ದಲ್ಲ. ಕೆಟ್ಟದ್ದನ್ನು ಕತ್ತರಿಸಿ ಈಗ ಕಬ್ಬಿಣದ ಬೂಟಿನ (ಕಂಬದ ಬುಡ ಮಣ್ಣಿಗೆ ತಾಗದಂತೆ ಹಿಡಿಯುವ ಪಾದ) ಮೇಲೆ ನಿಲ್ಲಿಸಿದ್ದೇನೆ.

ಇನ್ನೊಂದು ದೂರು: ಬೇವಿನ ನೆರಳಿನ ಕಡೆ ಮಳೆಗಾಲದಲ್ಲಿ ಕಪ್ಪು ಬೂಷ್ಟು ಚುಕ್ಕೆ ಬೀಳುತ್ತವೆ, ಸೋಪಿನ ನೀರು ಹಾಕಿ ಬ್ರಷ್‌ನಿಂದ ತಿಕ್ಕಬೇಕು. ಬಿಸಿಲಿನ ಕಡೆ ಬಣ್ಣ ಬೂದಿಯಾಗಿದೆ, ಅದು ನನಗೆ ಚೆಂದವೇ ಕಾಣುತ್ತದೆ. ಐದಕ್ಕೆ ಮೂರೂವರೆ ಕೊಡುತ್ತೇನೆ, ಅದೂ ವರ್ಷಕ್ಕೊಮ್ಮೆ ಮಿರಗಕ್ಕೆ (ಮೃಗಶಿರಾ ಮಳೆಗೆ) ಮುಂಚೆ ಮತ್ತೆ ಎಣ್ಣೆ ಹಚ್ಚಲು ಅರ್ಧ ದಿನ ಕೊಡುವವರಿಗೆ.

ಮಳೆ ಹಿಡಿದ ಮೇಲಂತೂ ಹಚ್ಚಬೇಡಿ. ಒಮ್ಮೆ ಜುಲೈಯಲ್ಲಿ ಹಚ್ಚಿ ಎಂಟು ದಿನ ಅಂಟಂಟು. ಊರಿಂದ ಬಂದ ಸೋದರಮಾವ ಬಿಳಿ ಧೋತರದಲ್ಲಿ ಅದರ ಮೇಲೇ ಕೂತರು. ಆ ಹಳದಿ ಪಟ್ಟಿ ಇನ್ನೂ ಹೋಗಿಲ್ಲವಂತೆ.