ಶಿಯಾ ಬೆಣ್ಣೆಯೋ, ಮುರುಗಲ ತುಪ್ಪವೋ?

ಶಿಯಾ ಬೆಣ್ಣೆ ಆಫ್ರಿಕಾದ ಶಿಯಾ ಮರದ ಬೀಜದ ಕೊಬ್ಬು, ಮುರುಗಲ ತುಪ್ಪ ನಮ್ಮ ಮುರುಗಲ (ಕೋಕಂ) ಬೀಜದ್ದು. ಒಡೆದ ಹಿಮ್ಮಡಿಗೆ ಎರಡೂ ಆಗುತ್ತವೆ, ಹಚ್ಚುವ ಕ್ರಮ ಮಾತ್ರ ಬೇರೆ. ಉತ್ತರ ಕನ್ನಡದ ಮುರುಗಲ ತುಪ್ಪದಲ್ಲಿ ಸ್ಟಿಯರಿಕ್ ಆಮ್ಲ ಎಂಬ ಗಟ್ಟಿ ಕೊಬ್ಬಿನಾಮ್ಲ ಹೆಚ್ಚು. ಹಾಗಾಗಿ ಅದು ಗಟ್ಟಿ, ಕರಗಲು ಸುಮಾರು 40 ಡಿಗ್ರಿ ಸೆಲ್ಸಿಯಸ್ ಬೇಕು. ಒಂದು ಪಾಲಿಗೆ ಎರಡು ಪಾಲು ಕೊಬ್ಬರಿ ಎಣ್ಣೆ ಬೆರೆಸಿ ಕರಗಿಸಿಟ್ಟರೆ ಸಲೀಸಾಗಿ ಹರಡುತ್ತದೆ. ಮುರುಗಲ ತುಪ್ಪಕ್ಕೆ ವಾಸನೆ ಇಲ್ಲವೆಂದೇ ಹೇಳಬಹುದು.

ಶಿಯಾಕ್ಕೆ ಈ ಬೆರಕೆ ಬೇಡ, ಅಂಗೈ ಬಿಸಿಗೇ ಕರಗುತ್ತದೆ. ಘಾನಾ, ಬುರ್ಕಿನಾ ಫಾಸೋಗಳಲ್ಲಿ ಇದು ಅಡುಗೆಯ ಕೊಬ್ಬೂ ಹೌದು, ಕೂಸಿನ ಮೈಗೆ ಹಚ್ಚುವುದೂ ಇದನ್ನೇ. ಅಲ್ಲಿನ ಹೆಂಗಸರು ಉದುರಿದ ಹಣ್ಣು ಆಯ್ದು, ಬೀಜ ಬೇಯಿಸಿ ಒಣಗಿಸುತ್ತಾರೆ. ಬೇಯಿಸುವುದು ತಡವಾದರೆ ಬೀಜ ಮೊಳೆತು ಬೆಣ್ಣೆ ಬೇಗ ಕಮಟುತ್ತದೆ. ಆಮೇಲೆ ಚಿಪ್ಪು ಒಡೆದು, ತಿರುಳು ಹುರಿದು, ಅರೆದು, ನೀರು ಹಾಕಿ ಕೈಯಲ್ಲೇ ಕಡೆಯುತ್ತಾರೆ. ತೇಲಿದ ಕೊಬ್ಬನ್ನು ನೀರಿನಂಶ ಹೋಗುವವರೆಗೆ ಕಾಯಿಸಬೇಕು. ಪಸೆ ಉಳಿದರೆ ಬೂಷ್ಟು ಹಿಡಿಯಬಹುದು. ಅಷ್ಟು ದುಡಿಮೆಯ ವಸ್ತುವಿಗೆ ಬೆಲೆ ಕೊಡುವುದು ನ್ಯಾಯವೇ.

ಒಣ ಚರ್ಮವಿದ್ದರೆ ಸಂಸ್ಕರಿಸದ, ತುಸು ಹಳದಿ ಶಿಯಾ ತನ್ನಿ. ಅದರ ಹೊಗೆ ವಾಸನೆ ಸೇರದವರಿಗೆ, ಬೇಸಿಗೆಯಲ್ಲಿ ಡಬ್ಬಿ ಕರಗಿ ಸೋರಬಾರದು ಎನ್ನುವವರಿಗೆ ಮುರುಗಲೇ ಲೇಸು. ಶಿಯಾ ಮರಳುಮರಳಾದರೆ ಕೆಟ್ಟಿತೆಂದು ಎಸೆಯಬೇಡಿ: ನಿಧಾನವಾಗಿ ಆರಿದ್ದರಿಂದ ಹಾಗಾಗಿದೆ. ಪೂರ್ತಿ ಕರಗಿಸಿ, ಫ್ರಿಜ್ಜಿನಲ್ಲಿ ಬೇಗ ತಣಿಸಿ.