ಸಣ್ಣ ಮಾಲೀಕರ ಪಿಂಚಣಿ ನೋಂದಣಿಗೆ ಅಕೌಂಟೆಂಟರು ಕಟ್ಟುವ ಬೆಲೆ: ಇಂಗ್ಲೆಂಡಿನಿಂದ ಒಂದು ವಿಮರ್ಶೆ

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಾವು ನಡೆಸುತ್ತಿರುವ ಸಣ್ಣ ದಂತ ಚಿಕಿತ್ಸಾಲಯದ ಸಂಬಳದ ಲೆಕ್ಕವನ್ನೂ ನೌಕರರ ಪಿಂಚಣಿ ನೋಂದಣಿಯನ್ನೂ ಊರಿನದೇ ಒಂದು ಅಕೌಂಟೆಂಟ್ ಸಂಸ್ಥೆ ನೋಡಿಕೊಳ್ಳುತ್ತಿದೆ. ಅವರ ಕೆಲಸದ ಬಗ್ಗೆ ನನಗೆ ಹೆಚ್ಚಿನ ತಕರಾರಿಲ್ಲ. ಆದರೆ ಆ ಕೆಲಸಕ್ಕೆ ಅವರು ಬೆಲೆ ಕಟ್ಟಿರುವ ಕ್ರಮವನ್ನು, ಈ ದೇಶದಲ್ಲಿ ಹೋಟೆಲನ್ನೋ ಅಂಗಡಿಯನ್ನೋ ನಡೆಸುತ್ತಿರುವ ಕನ್ನಡಿಗರು ಸಹಿ ಹಾಕುವ ಮುನ್ನ ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು.

ಭಾರತದಲ್ಲಿ ಪಿ.ಎಫ್. ಕಾಯ್ದೆ ಸಾಮಾನ್ಯವಾಗಿ 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಅನ್ವಯಿಸುತ್ತದೆ. ಇಲ್ಲಿ ಒಬ್ಬನೇ ಕೆಲಸಗಾರನಿದ್ದರೂ ಮಾಲೀಕನಿಗೆ ಪಿಂಚಣಿ ನೋಂದಣಿಯ ಕರ್ತವ್ಯ ತಪ್ಪಿದ್ದಲ್ಲ. 2008ರ ಪಿಂಚಣಿ ಕಾಯ್ದೆಯಡಿ ಈ ವ್ಯವಸ್ಥೆ 2012ರ ಅಕ್ಟೋಬರಿನಲ್ಲಿ ದೊಡ್ಡ ಕಂಪನಿಗಳಿಂದ ಆರಂಭವಾಗಿ ಹಂತಹಂತವಾಗಿ ಸಣ್ಣವರನ್ನು ತಲುಪಿತು. 2017ರ ಅಕ್ಟೋಬರಿನ ನಂತರ ಹೊಸದಾಗಿ ಮಾಲೀಕರಾದವರಿಗೆ ಮೊದಲ ನೌಕರ ಕೆಲಸಕ್ಕೆ ಸೇರಿದ ದಿನದಿಂದಲೇ ಅದು ಜಾರಿಯಾಗುತ್ತದೆ. 22 ವರ್ಷ ತುಂಬಿದ, ಸರ್ಕಾರಿ ಪಿಂಚಣಿಯ ವಯಸ್ಸು ಮುಟ್ಟದ, ವರ್ಷಕ್ಕೆ 10,000 ಪೌಂಡಿಗಿಂತ ಹೆಚ್ಚಿನ ದರದಲ್ಲಿ ಸಂಬಳ ಪಡೆಯುವವರನ್ನು ಅವರು ಕೇಳದಿದ್ದರೂ ಸೇರಿಸಬೇಕು. ವರ್ಷದ ಗಳಿಕೆಯಲ್ಲಿ 6,240ರಿಂದ 50,270 ಪೌಂಡಿನ ನಡುವಿನ ಭಾಗದ ಮೇಲೆ ಒಟ್ಟು ಕನಿಷ್ಠ ಶೇ. 8ರಷ್ಟು ಕಟ್ಟಬೇಕು, ಅದರಲ್ಲಿ ಮಾಲೀಕನ ಪಾಲು ಕನಿಷ್ಠ ಶೇ. 3. ತಿಂಗಳಿಗೆ 1,800 ಪೌಂಡ್ ಪಡೆಯುವ ನರ್ಸ್ ಒಬ್ಬರಿಗೆ ನಮ್ಮ ಪಾಲು 38.40 ಪೌಂಡ್ ಆಗುತ್ತದೆ. ಅಕೌಂಟೆಂಟರ ಶುಲ್ಕವನ್ನು ಈ ಮೊತ್ತದ ಪಕ್ಕದಲ್ಲಿಟ್ಟು ನೋಡಬೇಕು.

ನಮಗೆ ಬಂದ ದರಪಟ್ಟಿಯಲ್ಲಿ ಮೂರು ಬಾಬುಗಳಿದ್ದವು: ಆರಂಭದ ಶುಲ್ಕ 300 ಪೌಂಡ್, ಪೇರೋಲ್ (ಸಂಬಳದ ಲೆಕ್ಕ) ದರದ ಜೊತೆಗೆ ತಲೆಗೆ ತಿಂಗಳಿಗೆ 3 ಪೌಂಡ್, ಮತ್ತು ‘ಹೆಚ್ಚುವರಿ ಕೆಲಸ’ಕ್ಕೆ ಗಂಟೆಯ ಲೆಕ್ಕ. ಎಲ್ಲಕ್ಕೂ ಶೇ. 20ರ ವ್ಯಾಟ್ ಪ್ರತ್ಯೇಕ. ದಂತ ಚಿಕಿತ್ಸೆಗೆ ವ್ಯಾಟ್ ವಿನಾಯಿತಿ ಇರುವುದರಿಂದ ನಾವು ಕೊಟ್ಟ ವ್ಯಾಟ್ ನಮಗೆ ಮರಳಿ ಬರುವುದಿಲ್ಲ. ಆದ್ದರಿಂದ 300 ಎಂದರೆ ನಮ್ಮ ಪಾಲಿಗೆ 360.

ಈ ಆರಂಭದ ಶುಲ್ಕ ದುಬಾರಿಯೆಂದೇ ನನ್ನ ತೀರ್ಮಾನ. ಸರ್ಕಾರವೇ ಸ್ಥಾಪಿಸಿದ ನೆಸ್ಟ್ ಎಂಬ ಪಿಂಚಣಿ ಯೋಜನೆ ಯಾವ ಮಾಲೀಕನನ್ನೂ ತಿರಸ್ಕರಿಸುವಂತಿಲ್ಲ, ಮಾಲೀಕನಿಂದ ಶುಲ್ಕವನ್ನೂ ಪಡೆಯುವುದಿಲ್ಲ. ಅದರ ಖರ್ಚು ಸದಸ್ಯರ ವಂತಿಗೆಯಿಂದ ಶೇ. 1.8 ಮತ್ತು ಕೂಡಿದ ನಿಧಿಯಿಂದ ವರ್ಷಕ್ಕೆ ಶೇ. 0.3ರಂತೆ ಹೊರಡುತ್ತದೆ. ಉಳಿದದ್ದು ನೌಕರರ ವಿವರ ತುಂಬುವುದು, ಅವರಿಗೆ ಪತ್ರ ಕಳಿಸುವುದು, ಐದು ತಿಂಗಳೊಳಗೆ ಪಿಂಚಣಿ ನಿಯಂತ್ರಕರಿಗೆ ಕರ್ತವ್ಯ ಪಾಲಿಸಿದ್ದೇವೆಂಬ ಘೋಷಣೆ ಸಲ್ಲಿಸುವುದು. ಬೆರಳೆಣಿಕೆಯ ನೌಕರರಿರುವ ಕಡೆ ಇದಕ್ಕೆ ಅರ್ಧ ದಿನಕ್ಕಿಂತ ಹೆಚ್ಚು ಹಿಡಿಯದು, ಅದರಲ್ಲಿಯೂ ಬಹುಪಾಲನ್ನು ಪೇರೋಲ್ ತಂತ್ರಾಂಶವೇ ಮಾಡುತ್ತದೆ.

ತಿಂಗಳ ಮೂರು ಪೌಂಡಿನ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಪಿಂಚಣಿಗೆ ಸೇರದವರ ತಲೆಗೂ ಶುಲ್ಕವೇಕೆ ಎಂದು ಕೇಳುವುದು ಸಹಜವಾದರೂ, ನಿಜವಾದ ಕೆಲಸವಿರುವುದು ಅಂಥವರಲ್ಲಿಯೇ. ಅರ್ಹತೆಯನ್ನು ವರ್ಷಕ್ಕೊಮ್ಮೆಯಲ್ಲ, ಪ್ರತಿ ಸಂಬಳದ ಅವಧಿಯಲ್ಲೂ ಅಳೆಯಬೇಕು. ತಿಂಗಳ ಮಿತಿ 833 ಪೌಂಡ್. ನಮ್ಮ ಅರೆಕಾಲಿಕ ಸ್ವಾಗತಕಾರಿಣಿಗೆ ಸಾಮಾನ್ಯವಾಗಿ 700 ಪೌಂಡ್ ಬರುತ್ತದೆ. ಆಗಸ್ಟಿನಲ್ಲಿ ಬೇರೆಯವರ ರಜೆಗೆ ಬದಲಿಯಾಗಿ ನಿಂತು 900 ದುಡಿದರೆ ಆ ತಿಂಗಳೇ ಅವರು ನೋಂದಣಿಗೆ ಅರ್ಹರಾಗುತ್ತಾರೆ. ಆಗ ಅವರನ್ನು ಸೇರಿಸಿಕೊಳ್ಳಬೇಕು, ಇಲ್ಲವೇ ಮೂರು ತಿಂಗಳವರೆಗೆ ಮುಂದೂಡುವುದಾಗಿ ತಿಳಿಸಬೇಕು. ಎರಡಕ್ಕೂ ಆರು ವಾರದೊಳಗೆ ಲಿಖಿತ ಸೂಚನೆ ಬೇಕು. ಸೇರಿದವರು ಒಂದು ತಿಂಗಳ ಅವಧಿಯಲ್ಲಿ ಹೊರಬಂದರೆ ಕಡಿತ ಮಾಡಿದ ಹಣವನ್ನು ಹಿಂದಿರುಗಿಸಬೇಕು. ಇವೆಲ್ಲವನ್ನೂ ಈ ಸಂಸ್ಥೆ ನಾವು ನೆನಪಿಸದೆಯೇ ಮಾಡುತ್ತದೆ. ಹತ್ತಕ್ಕಿಂತ ಕಡಿಮೆ ನೌಕರರಿದ್ದವರಿಗೆ ತೆರಿಗೆ ಇಲಾಖೆ ಉಚಿತವಾಗಿ ಕೊಡುವ ಪೇರೋಲ್ ತಂತ್ರಾಂಶ ಪಿಂಚಣಿಯ ಅರ್ಹತೆಯನ್ನು ಅಳೆಯುವುದಿಲ್ಲ ಎಂಬುದನ್ನು ನೆನೆದರೆ, ಈ ಮೂರು ಪೌಂಡ್ ನ್ಯಾಯವಾದ ಬೆಲೆ.

ಒಂದು ಕೊರತೆಯನ್ನು ಹೇಳಲೇಬೇಕು. ಅವರು ತಲೆ ಎಣಿಸಿದ್ದು ಸಂಬಳದ ಪಟ್ಟಿಯಿಂದ ಮಾತ್ರ. ಕರಾರಿನ ಮೇಲೆ ಖುದ್ದಾಗಿ ಬಂದು ಕೆಲಸ ಮಾಡುವ ಕೆಲವರನ್ನೂ ಈ ಕಾಯ್ದೆ ಕೆಲಸಗಾರರೆಂದು ಪರಿಗಣಿಸಬಹುದು. ದಂತ ಚಿಕಿತ್ಸಾಲಯಗಳಲ್ಲಿ ಸ್ವಯಂ ಉದ್ಯೋಗಿಗಳೆಂದು ಕರೆಸಿಕೊಳ್ಳುವವರು ಬಹಳ ಮಂದಿ ಇರುವಾಗ, ಆ ಪ್ರಶ್ನೆಯನ್ನು ಮೊದಲು ಎತ್ತಬೇಕಾಗಿದ್ದವರು ನಾವಲ್ಲ, ಅವರು.

ನನಗೆ ಒಪ್ಪಿಗೆಯೇ ಆಗದಿದ್ದುದು ಮೂರನೆಯ ಬಾಬು. ಹೊರಗುಳಿದ ಅರ್ಹರನ್ನು ಮೂರು ವರ್ಷಕ್ಕೊಮ್ಮೆ ಮತ್ತೆ ಸೇರಿಸಿ, ನಿಯಂತ್ರಕರಿಗೆ ಮರುಘೋಷಣೆ ಸಲ್ಲಿಸುವುದು ಕಡ್ಡಾಯ. ಯಾವಾಗ ಬರುತ್ತದೆಂದು ಮೊದಲ ದಿನವೇ ಗೊತ್ತಿರುವ ಈ ಕೆಲಸವನ್ನು ‘ಹೆಚ್ಚುವರಿ’ ಎಂದು ಕರೆದು ಗಂಟೆಯ ಲೆಕ್ಕಕ್ಕೆ ಬಿಡುವುದು, ಪಟ್ಟಿಯ ಮೊತ್ತವನ್ನು ಚಿಕ್ಕದಾಗಿ ತೋರಿಸುವ ಉಪಾಯವಷ್ಟೆ. ಇದೇ ಪಟ್ಟಿಯ ಮೊದಲ ಪುಟದಲ್ಲಿ 400 ಪೌಂಡಿನ ನಿಗದಿತ ದಂಡವನ್ನೂ, 5ರಿಂದ 49 ನೌಕರರಿರುವವರಿಗೆ ದಿನಕ್ಕೆ 500 ಪೌಂಡಿನಂತೆ ಏರುವ ದಂಡವನ್ನೂ ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರು. ಅಂಕಿಗಳು ಸರಿಯೇ. ಆದರೆ ಹೊಣೆ ಮಾಲೀಕನದೇ ಎಂಬ ಮಾತು ಮಾತ್ರ ಕೊನೆಯ ಪುಟದಲ್ಲಿತ್ತು. ಯಾರಿಗೆ ಎಷ್ಟು ಕೊಟ್ಟರೂ ಕಾನೂನಿನಲ್ಲಿ ಆ ಹೊಣೆ ಕೈ ಬದಲಾಗುವುದಿಲ್ಲ. ಹೀಗಿರುವಾಗ ದಂಡದ ಭಯಕ್ಕೆ ಪ್ರತ್ಯೇಕ ಬೆಲೆ ತೆರುವ ಅಗತ್ಯವಿಲ್ಲ.

ಅವರ ಪರವಾಗಿ ಇನ್ನೊಂದು ಮಾತು. ಪಿಂಚಣಿಯಲ್ಲಿ ಉಳಿಯಲೋ ಬಿಡಲೋ ಎಂದು ನಮ್ಮ ನರ್ಸ್ ಕೇಳಿದಾಗ, ಅಂಥ ಸಲಹೆ ಕೊಡುವ ಅಧಿಕಾರ ತಮಗಿಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದರು; ಮಾಲೀಕರಾದ ನಾವು ಹೊರಹೋಗಲು ಆಮಿಷ ತೋರಿಸುವುದು ಕಾನೂನುಬಾಹಿರವೆಂದೂ ಎಚ್ಚರಿಸಿದರು.

ಕರಾರನ್ನು ನವೀಕರಿಸುವಾಗ ಮರುನೋಂದಣಿಯನ್ನೂ ನಿಯಂತ್ರಕರ ಪತ್ರಗಳಿಗೆ ಉತ್ತರಿಸುವುದನ್ನೂ ತಿಂಗಳ ದರದೊಳಗೇ ಸೇರಿಸುವಂತೆ ಕೇಳಿದೆವು. ತಲೆಗೆ 50 ಪೆನ್ಸ್ ಏರಿಸಿ, ಗಂಟೆಯ ಲೆಕ್ಕವನ್ನು ಕೈಬಿಟ್ಟರು. ಈಗಿನ ಪಟ್ಟಿಯನ್ನು ಇತರರಿಗೂ ಶಿಫಾರಸು ಮಾಡಬಲ್ಲೆ; ಆದರೆ ಹೊಸಬರು ಆರಂಭದ ಶುಲ್ಕವನ್ನು ಚೌಕಾಸಿ ಮಾಡದೆ ಒಪ್ಪಬೇಕಾಗಿಲ್ಲ.