ತೂತು ಕೊರೆಸುವ ಮುಂಚೆ: ಮೂರು ಜೋಡಿ ಟ್ವಿನ್ ಟಿಪ್ ಸ್ಕೀ

ಮೊದಲೇ ಹೇಳಿಬಿಡುತ್ತೇನೆ, ನಾನು ಓಡಿಸಿ ನೋಡಿದ ಮೂರು ಜೋಡಿ ಸ್ಕೀಯಲ್ಲಿ ಗೆದ್ದದ್ದು 108. ಅದೂ ಸೆಕೆಂಡ್ ಹ್ಯಾಂಡ್ ಜೋಡಿ. ಮೈಮೇಲೆಲ್ಲ ಗೀರು, ಯಾರೋ ಸ್ಟಿಕ್ಕರ್ ಅಂಟಿಸಿ ಕಿತ್ತ ಗುರುತು. ಹೊಸದಾಗಿ ದುಡ್ಡು ಸುರಿದು ತಂದ 118 ಗ್ಯಾರೇಜಿನ ಗೋಡೆಗೆ ಒರಗಿ ನಿಂತಿದೆ. ಮೂರನೆಯದು 95. ಅದು ಗೆಳೆಯನದು, ಒಂದು ಸೀಸನ್ ಪೂರ್ತಿ ಕೇಳಿ ಪಡೆದು ಓಡಿಸಿದೆ. ಈ ಸಂಖ್ಯೆಗಳು ಸ್ಕೀಯ ನಡುವಿನ ಅಗಲ, ಮಿಲಿಮೀಟರಿನಲ್ಲಿ. ಮೂರೂ ಟ್ವಿನ್ ಟಿಪ್. ಅಂದರೆ ಮೂತಿಯ ಹಾಗೆ ಬಾಲವೂ ಮೇಲಕ್ಕೆ ಬಾಗಿರುತ್ತದೆ, ಹಿಮ್ಮುಖವಾಗಿ ಇಳಿದರೂ ಹಿಮಕ್ಕೆ ಚುಚ್ಚಿಕೊಳ್ಳುವುದಿಲ್ಲ.

ನಾನಿರುವುದು ಯೂಟಾದ ಸಾಲ್ಟ್ ಲೇಕ್ ಸಿಟಿಯಲ್ಲಿ. ಬಿಗ್ ಕಾಟನ್‌ವುಡ್ ಕಣಿವೆಯ ತುದಿಯಲ್ಲಿರುವ ಬ್ರೈಟನ್ ನನ್ನ ಬೆಟ್ಟ. ಒಂದು ಚಳಿಗಾಲಕ್ಕೆ ಹೆಚ್ಚೆಂದರೆ 25 ದಿನ ಹೋಗುತ್ತೇನೆ. ಹೊಸ ಹಿಮ ಇಲ್ಲದ ದಿನ ಪಾರ್ಕಿನಲ್ಲಿ, ಅಂದರೆ ಬೆಟ್ಟದಲ್ಲಿ ಕಸರತ್ತಿಗೆಂದೇ ಬಿಟ್ಟ ಜಾಗದಲ್ಲಿ. ಜಾರಲು ಲೋಹದ ರೇಲ್, ಬಾಕ್ಸ್, ಹಾರಲು ಸಣ್ಣ ಜಂಪು. ಹಿಮ ಬಿದ್ದ ದಿನ ಮರಗಳ ನಡುವೆ.

118 ಕೊಳ್ಳಲು ಕಾರಣ 2022-23ರ ಚಳಿಗಾಲ. ಆ ವರ್ಷ ಪಕ್ಕದ ಕಣಿವೆಯ ಆಲ್ಟಾದಲ್ಲಿ 903 ಇಂಚು ಹಿಮ ಬಿತ್ತು. ಹೆಚ್ಚುಕಡಿಮೆ 23 ಮೀಟರ್, ಅಲ್ಲಿನ ದಾಖಲೆ. ನನ್ನ ಬಾಡಿಗೆ ಸ್ಕೀ ಪ್ರತಿ ಸಲವೂ ಮುಳುಗುತ್ತಿತ್ತು. ಏಪ್ರಿಲ್‌ನಲ್ಲಿ ಸೇಲ್ ಹಾಕಿದ ತಕ್ಷಣ 480 ಡಾಲರ್ ಕೊಟ್ಟು 118 ತಂದೆ, ಬೂಟನ್ನು ಸ್ಕೀಗೆ ಕಚ್ಚಿ ಹಿಡಿಯುವ ಬೈಂಡಿಂಗಿಗೆ ಬೇರೆ 200. ನಾನು ತೀರ್ಥಹಳ್ಳಿ ಕಡೆಯವನು. ಆಗುಂಬೆ ಮಳೆ ನೋಡಿ ಬಂದು ಚಿತ್ರದುರ್ಗದಲ್ಲಿ ಗಂಬೂಟು ಕೊಳ್ಳುವವನನ್ನು ಕಂಡರೆ ನಗುತ್ತಿದ್ದೆ. ಮಾಡಿದ್ದು ಮಾತ್ರ ಅದನ್ನೇ. ಮುಂದಿನ ಚಳಿಗಾಲದಲ್ಲಿ ನನ್ನ ಶನಿವಾರ, ಭಾನುವಾರಗಳಿಗೆ ಸಿಕ್ಕ ಮೊಣಕಾಲುದ್ದದ ಪೌಡರ್, ಅಂದರೆ ಹೊಸದಾಗಿ ಬಿದ್ದ ಹಗುರ ಹಿಮ, ಎಣಿಸಿ 5 ದಿನ.

ಆದರೂ ಅಗಲ ಜಾಸ್ತಿ ಆಯಿತು ಅಂತ ಅದು ಮೂಲೆ ಸೇರಿದ್ದಲ್ಲ. ತಕರಾರು ಶುರುವಾದದ್ದು ತೂತಿನಿಂದ.

ಸ್ಕೀ ಕೊಂಡರೆ ಬೈಂಡಿಂಗ್ ಕೂರಿಸಲು ಅದರ ಬೆನ್ನಿಗೆ ತೂತು ಕೊರೆಯಬೇಕು. ಎಲ್ಲಿ ಕೊರೆಯಬೇಕು ಅನ್ನುವುದಕ್ಕೆ ಸ್ಕೀ ಮೇಲೇ ಗೆರೆ ಇರುತ್ತದೆ. ನನ್ನದರಲ್ಲಿ ಎರಡು ಗೆರೆ ಇದ್ದವು. ಒಂದು ಸ್ಕೀಯ ಸರಿ ಅರ್ಧಕ್ಕೆ. ಇನ್ನೊಂದು ಅದಕ್ಕಿಂತ 6 ಸೆಂಟಿಮೀಟರ್ ಹಿಂದೆ, ತಯಾರಿಸಿದವರು ಸೂಚಿಸಿದ್ದು. ಅಂಗಡಿಯ ಹುಡುಗ ನನ್ನ ಬೂಟು ತಿರುಗಿಸಿ ನೋಡಿ, "ಪಾರ್ಕಿಗೂ ಹೋಗ್ತೀರಾ?" ಅಂದ. ನಾನು ಹೆಮ್ಮೆಯಿಂದ ಹೌದು ಅಂದೆ. "ಹಾಗಾದ್ರೆ ಗೆರೆ ಮೇಲೆ ಕೂರಿಸ್ತೀನಿ" ಅಂದ. ಯಾವ ಗೆರೆ ಅಂತ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಮೊದಲ ದಿನ ಗಟ್ಟಿ ಹಿಮ, ಏನೂ ಗೊತ್ತಾಗಲಿಲ್ಲ. ಮೊದಲ ಪೌಡರ್ ದಿನ ಮೂತಿ ಒಳಗೆ ಹೋಗತೊಡಗಿತು. 118 ಅಗಲದ ಹಲಗೆ ತೇಲಬೇಕು ತಾನೇ? ತೇಲಲಿಲ್ಲ. ನಾನು ಹಿಂದಕ್ಕೆ ವಾಲಿ, ಬರೀ ತೊಡೆಯ ಬಲದ ಮೇಲೆ ಮೂತಿ ಎತ್ತಿಕೊಂಡು ಇಳಿದೆ. ಹನ್ನೊಂದು ಗಂಟೆಗೆ ತೊಡೆ ಉರಿಯುತ್ತಿತ್ತು. ನನ್ನ ಕಲಿಕೆಯೇ ಸರಿಯಿಲ್ಲ ಅಂದುಕೊಂಡೆ. ಮೂರನೇ ಪೌಡರ್ ದಿನ ಮೂತಿ ಪೂರ್ತಿ ಮುಳುಗಿ ಲಾಗ ಹೊಡೆದೆ. ಒಂದು ಸ್ಕೀ ಕಳಚಿಕೊಂಡು ಹಿಮದೊಳಗೆ ಹೂತುಹೋಯಿತು. ಕೋಲಿನಿಂದ ಚುಚ್ಚಿ ಚುಚ್ಚಿ ಹುಡುಕಲು ಮುಕ್ಕಾಲು ಗಂಟೆ. ಜೊತೆಗಿದ್ದ ಸಾಗರದ ಗೆಳೆಯ ನನ್ನ ಕಾಲನ್ನೇ ನೋಡುತ್ತಿದ್ದವನು, "ಮಾರಾಯ, ನೀ ನಿಂತಿರೋ ಜಾಗವೇ ತಪ್ಪು" ಅಂದ. ಮನೆಗೆ ಬಂದು ಟೇಪ್ ಹಿಡಿದೆವು. ಬೂಟಿನ ನಡುಗೆರೆಯಿಂದ ಮೂತಿಗೆಷ್ಟೋ ಬಾಲಕ್ಕೂ ಅಷ್ಟೇ. ಹುಡುಗ ಕೂರಿಸಿದ್ದು ಸರಿ ಅರ್ಧದ ಗೆರೆಗೆ.

ಇದರ ಹಿಂದೆ ಒಂದು ಹಳೇ ಕಥೆ ಇದೆ. ಟ್ವಿನ್ ಟಿಪ್ ಬಂದದ್ದು ಪಾರ್ಕಿನವರಿಂದ, 1998ರಲ್ಲಿ ಸಾಲೊಮನ್ ಕಂಪನಿ ತಂದ ಟೆನ್ ಏಟಿ ಸ್ಕೀ ಅದನ್ನು ಊರಿಗೆಲ್ಲ ಪರಿಚಯಿಸಿತು. ಗಾಳಿಯಲ್ಲಿ ಸುತ್ತುವವನಿಗೆ ಹಿಂದೆ ಮುಂದೆ ತೂಕ ಸಮ ಇರಬೇಕು, ಅವನು ನಡುವೆ ನಿಲ್ಲುತ್ತಾನೆ. ಅಗಲದ ಹುಚ್ಚು ಹತ್ತಿಸಿದವರು ಪೌಡರಿನವರು. ಹೆಸರಾಂತ ಸ್ಕೀಯರ್ ಶೇನ್ ಮಕಾಂಕಿ ನೀರಿನ ಮೇಲೆ ಜಾರುವ ಸ್ಕೀಯನ್ನೇ ಅಲಾಸ್ಕಾದ ಹಿಮಕ್ಕೆ ತಂದು ನೋಡಿದ. ಅದೇ ಯೋಚನೆಯಿಂದ ವೊಲಾಂಟ್ ಕಂಪನಿಯ ಸ್ಪ್ಯಾಚುಲಾ ಸ್ಕೀ ಹುಟ್ಟಿತು. ಪೌಡರಿನಲ್ಲಿ ಮೂತಿ ಉದ್ದ ಇದ್ದು ಬಾಲ ಸ್ವಲ್ಪ ಮುಳುಗಿದರೇ ಸಲೀಸು, ಹಾಗಾಗಿ ಅವರು ಹಿಂದೆ ನಿಲ್ಲುತ್ತಾರೆ. ಈ ಎರಡೂ ಮನೆತನ ಒಂದೇ ಹಲಗೆಯಲ್ಲಿ ಸೇರಿದ ಮೇಲೆ ಗೆರೆಯೂ ಎರಡಾಯಿತು.

ಅಂಗಡಿಗೆ ವಾಪಸ್ ಹೋದೆ. "ನೀವೇ ಪಾರ್ಕ್ ಅಂದ್ರಲ್ಲ?" ಅಂದರು. ಅರ್ಧ ನಿಜ. ಮತ್ತೆ 60 ಡಾಲರ್ ತೆತ್ತು ಹೊಸ ತೂತು ಕೊರೆಸಿದೆ. ಹಳೇ ತೂತಿಗೆ ಪ್ಲಗ್ ಬಡಿದು ಅಂಟು ತುಂಬಿದರು, ಇಲ್ಲದಿದ್ದರೆ ನೀರು ಇಳಿದು ಒಳಗಿನ ಮರ ಕೊಳೆಯುತ್ತದೆ. ಹೊಸ ತೂತು ಹಳೆಯದಕ್ಕೆ ತೀರಾ ಹತ್ತಿರ ಬಂದರೆ ಸ್ಕ್ರೂ ಹಿಡಿಯುವುದಿಲ್ಲ. ನನ್ನದರಲ್ಲಿ ಒಂದು ಕಡೆ ಹಾಗೇ ಆಗುತ್ತಿತ್ತು, ಅದಕ್ಕೆ 6ರ ಬದಲು 5ಕ್ಕೇ ನಿಲ್ಲಿಸಿದರು. ಈಗ ಪೌಡರಿನಲ್ಲಿ ಚೆನ್ನಾಗಿ ತೇಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಟ್ಟಿ ಹಿಮದಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊರಳಿಸುವಷ್ಟರಲ್ಲಿ ಮೊಣಕಾಲು ಗೊಣಗುತ್ತದೆ. ರೇಲಿನ ಮೇಲಂತೂ ದೋಸೆ ಹೆಂಚು ಕಟ್ಟಿಕೊಂಡು ಹತ್ತಿದ ಹಾಗೆ.

95ರ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಪಾರ್ಕಿನಲ್ಲಿ ಅದೇ ರಾಜ. ನಡುಗೆರೆಗಿಂತ 1 ಸೆಂಟಿಮೀಟರ್ ಹಿಂದೆ ಕೂರಿಸಿದ್ದಾನೆ ಗೆಳೆಯ, ಸುಮ್ನೆ ಭುಜ ತಿರುಗಿಸಿದರೆ ಸ್ಕೀ ತಾನೂ ತಿರುಗುತ್ತದೆ. ಹಿಮ್ಮುಖ ಇಳಿಯುವುದನ್ನು ನಾನು ಕಲಿತದ್ದೇ ಅದರ ಮೇಲೆ. ಪಾದ ಮುಳುಗುವಷ್ಟು ಹಿಮಕ್ಕೆ ಪರವಾಗಿಲ್ಲ, ಅದರ ಮೇಲಾದರೆ ಬೇಡ. ವಾರಕ್ಕೆ ಆರು ದಿನ ಪಾರ್ಕಿನಲ್ಲೇ ಇರುವ ಇಪ್ಪತ್ತರ ಹುಡುಗನಾದರೆ ಮುಂದೆ ಓದುವುದು ಬೇಡ, ಇದನ್ನೇ ಕೊಳ್ಳಿ.

108 ಸಿಕ್ಕಿದ್ದು 340 ಡಾಲರಿಗೆ, ಬೈಂಡಿಂಗ್ ಸೇರಿ. ಅದು ಮೊದಲು ಬಾಡಿಗೆಗೆ ಓಡುತ್ತಿದ್ದ ಜೋಡಿ, ಹಾಗಾಗಿ ಡೆಮೊ ಬೈಂಡಿಂಗ್. ಮುಂದಿನ ತುಂಡು, ಹಿಂದಿನ ತುಂಡು ಎರಡೂ ಹಳಿಯ ಮೇಲೆ ಜಾರುತ್ತವೆ. ಪಾರ್ಕಿಗೆ ಹೋಗುವ ದಿನ ನಡುಗೆರೆಯ ಹತ್ತಿರ ತರುತ್ತೇನೆ. ರಾತ್ರಿ ಹಿಮ ಬಿದ್ದಿದ್ದರೆ ಬೆಳಗ್ಗೆ ಕಾಫಿ ಇಳಿಯುವಷ್ಟರಲ್ಲಿ 4 ಸೆಂಟಿಮೀಟರ್ ಹಿಂದಕ್ಕೆ ತಳ್ಳುತ್ತೇನೆ. ತಳ್ಳುವಾಗ ಒಂದು ಎಚ್ಚರ: ಎರಡೂ ತುಂಡು ಒಂದೇ ಅಳತೆ ಜಾರಬೇಕು. ಹೆಚ್ಚುಕಡಿಮೆಯಾದರೆ ಬೂಟಿನ ಮೇಲಿನ ಒತ್ತಡ ಬದಲಾಗುತ್ತದೆ, ಬಿದ್ದಾಗ ಕಳಚಿಕೊಳ್ಳಬೇಕಾದ ಬೈಂಡಿಂಗ್ ಕಳಚಿಕೊಳ್ಳದೇ ಹೋಗಬಹುದು. ಹಿಮ್ಮಡಿಯ ಹಿಂದಿನ ಗುರುತು ನೋಡಿಕೊಂಡೇ ಹೊರಡಿ.

ಪೌಡರಿನಲ್ಲಿ ಇದು 118ರಷ್ಟು ತೇಲುತ್ತದಾ? ಇಲ್ಲ. ಸೊಂಟದುದ್ದ ಬಿದ್ದ ದಿನ ವ್ಯತ್ಯಾಸ ಗೊತ್ತಾಗುತ್ತದೆ. ಅಂಥ ದಿನ ಕಣಿವೆಯ ರಸ್ತೆಯನ್ನೇ ಹಿಮಕುಸಿತದ ಭಯಕ್ಕೆ ಎಷ್ಟೋ ಸಲ ಮುಚ್ಚಿರುತ್ತಾರೆ ಬಿಡಿ. ಡೆಮೊ ಬೈಂಡಿಂಗ್ ಭಾರ, ಸಂಜೆಗೆ ಕಾಲಿಗೆ ತಿಳಿಯುತ್ತದೆ.

ಇನ್ನು ಚಿಲ್ಲರೆ ಮಾತು. ಎರಡೂ ತುದಿ ಬಾಗಿರುವುದರಿಂದ ಟ್ವಿನ್ ಟಿಪ್ ನೆಲಕ್ಕೆ ತಾಗುವುದು ಕಮ್ಮಿ. ಅದಕ್ಕೇ ಇರಬೇಕು, 173 ಸೆಂಟಿಮೀಟರ್ ಎತ್ತರದ ನನಗೆ 172 ಸೆಂಟಿಮೀಟರ್ ಉದ್ದದ ಜೋಡಿ ತೀರಾ ಗಿಡ್ಡ ಅನ್ನಿಸಿತು, 180 ಸರಿಹೋಯಿತು. ಕಳಚಿದ ಸ್ಕೀ ಜಾರಿಹೋಗದಂತೆ ತಡೆಯುವ ಬೈಂಡಿಂಗಿನ ಬ್ರೇಕು ಸ್ಕೀಗಿಂತ ಕಿರಿದಾಗಿದ್ದರೆ ಕೂರುವುದೇ ಇಲ್ಲ. ಊಟಕ್ಕೆ ಹೋಗುವಾಗ ಬಾಲವನ್ನು ಹಿಮಕ್ಕೆ ಚುಚ್ಚಿ ನಿಲ್ಲಿಸಲು ಹೋಗಬೇಡಿ, ಬೀಳುತ್ತದೆ. ಹೊಸದೇ ಬೇಕೆನ್ನುವವರು ಹೆಚ್ಚುಕಡಿಮೆ ಈ ಅಗಲದಲ್ಲಿ ಅಟಾಮಿಕ್ ಕಂಪನಿಯ ಬೆಂಟ್ 110 ನೋಡಬಹುದು.

ವರ್ಷಕ್ಕೆ 60 ದಿನ ಹೋಗುವವನಾಗಿದ್ದರೆ 95, 118 ಎರಡನ್ನೂ ಇಟ್ಟುಕೊಳ್ಳುತ್ತಿದ್ದೆ. 25 ದಿನದವನಿಗೆ, ಮನೆಸಾಲ ಕಟ್ಟುವವನಿಗೆ, ಒಂದೇ ಜೋಡಿ ಸಾಕು.

118 ನೋಡಲು ಮೊನ್ನೆ ಒಬ್ಬ ಬಂದಿದ್ದ. ಮೂತಿ ನೋಡಲಿಲ್ಲ, ಅಂಚು ಮುಟ್ಟಲಿಲ್ಲ. ನೇರ ಬೈಂಡಿಂಗಿನ ಹತ್ತಿರ ಬಗ್ಗಿ, ಮುಚ್ಚಿದ ತೂತುಗಳನ್ನು ಬೆರಳಿನಲ್ಲಿ ಎಣಿಸಿ, 150 ಡಾಲರ್ ಅಂದ. ಸಿಟ್ಟು ಬಂದು ಕಳಿಸಿದೆ. ಈಗ ಅವನ ನಂಬರ್ ಹುಡುಕುತ್ತಿದ್ದೇನೆ.